ಒಸಾಕಾದ ಗದ್ದಲ

ನನಗೊಂದು ಚಟವಿದೆ. ಎಲೆಯಡಿಕೆಯಲ್ಲ, ನಸ್ಯವಲ್ಲ, ಇಸ್ಪೀಟೂ ಅಲ್ಲ. ಇವುಗಳಲ್ಲಿ ಯಾವುದಾದರೊಂದು ಆಗಿದ್ದರೆ ನನ್ನಾಕೆ ನಾಲ್ಕು ಜನರೆದುರು ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳೇನೊ. ಇದನ್ನು ಹೇಳಿಕೊಳ್ಳುವುದಕ್ಕೂ ಆಕೆಗೆ ಸಂಕೋಚ. ಭಾನುವಾರ ಬೆಳಗಿನ ಎರಡನೆಯ ಕಾಫಿ ಮುಗಿಸಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಜಪಾನಿನ ಒಸಾಕಾ ಕಡೆಯ ನಾಲ್ವರು ಗಂಡಸರು ವಿದ್ಯುತ್ ಗಿಟಾರುಗಳಿಂದಲೂ ಡ್ರಮ್ಮುಗಳಿಂದಲೂ ಎಬ್ಬಿಸುವ ಗದ್ದಲವನ್ನು ಕೇಳುತ್ತ ಕೂರುವುದೇ ಆ ಚಟ. ತಲೆ ನರೆತ ಗೃಹಸ್ಥ ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ಕೇಳಿದವರು ಬಹಳ ಮಂದಿ ಇದ್ದಾರೆ. ಪಕ್ಕದ ಮನೆಯ ಹಿರಿಯರೊಬ್ಬರು ಒಮ್ಮೆ ಬಂದು, 'ಏನು ಸ್ವಾಮಿ, ಮನೆಯಲ್ಲೇ ಹಿಟ್ಟಿನ ಗಿರಣಿ ಇಟ್ಟಿರಾ?' ಎಂದು ವಿಚಾರಿಸಿದರು. ವ್ಯಂಗ್ಯವಲ್ಲ, ರಾಗಿ ಬೀಸಿಸುವುದಿತ್ತಂತೆ.

ತಂಡದ ಹೆಸರೇ ಲೌಡ್‌ನೆಸ್. ಜೋರುತನ ಎಂದರ್ಥ. ಹೆಸರಿನ ವಿಷಯದಲ್ಲಿ ಅವರು ಯಾರಿಗೂ ಮೋಸ ಮಾಡಿಲ್ಲ. ಅವರು ನುಡಿಸುವ ಸಂಗೀತಕ್ಕೆ ಹೆವಿ ಮೆಟಲ್ ಎನ್ನುತ್ತಾರೆ. ಭಾರವಾದ ಲೋಹ ಎಂದೊಡನೆ ಸೀಸ, ಪಾದರಸ ನೆನಪಾಗುವ ವಾಚಕರಿಗೆ ಇಷ್ಟು ಹೇಳಿದರೆ ಸಾಕು: ಗಿಟಾರಿನ ನಾದವನ್ನು ಯಂತ್ರದಿಂದ ಬೇಕೆಂದೇ ಒಡೆದು ಗರಗರ ಎನ್ನಿಸುತ್ತಾರೆ, ಡ್ರಮ್ಮಿನವನು ಎರಡು ಕೈ, ಎರಡು ಕಾಲು ನಾಲ್ಕರಿಂದಲೂ ದುಡಿಯುತ್ತಾನೆ, ಹಾಡುಗಾರ ಇವರಿಬ್ಬರನ್ನೂ ಮೀರಿ ಕೇಳಿಸಬೇಕಾದ್ದರಿಂದ ತಾರಸ್ಥಾಯಿ ಬಿಟ್ಟು ಕೆಳಗಿಳಿಯುವುದು ಅಪರೂಪ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೊಬ್ಬಿದ ಕಲೆ ಇದು. ಇದನ್ನು ಕಲಿತು, ಗುರುಗಳ ಮನೆಯಂಗಳಕ್ಕೇ ಹೋಗಿ ನುಡಿಸಿ ಬಂದವರು ಲೌಡ್‌ನೆಸ್ ತಂಡದವರು. ಅವರ ಕಥೆಯ ಒಂದು ಅಧ್ಯಾಯ ಬಹಳ ಕಾಲ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಅಲ್ಲಿಗೆ ಅವರ ಆಲ್ಬಮ್ಮುಗಳ ದಾರಿಯಲ್ಲೇ ಹೋಗಬೇಕು, ಅಡ್ಡದಾರಿ ಇಲ್ಲ.

ನನ್ನ ಕೈಗೆ ಮೊದಲು ಬಂದದ್ದು 1986ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ. ಸಿಂಗಪುರದಿಂದ ಬಂದ ನೆಂಟನೊಬ್ಬ ಒಂದು ಕ್ಯಾಸೆಟ್ಟು ಕೊಟ್ಟ: 'ಥಂಡರ್ ಇನ್ ದಿ ಈಸ್ಟ್'. ಮೂಡಣದ ಗುಡುಗು! ಹೊದಿಕೆಯ ಮೇಲೆ ಜಪಾನಿನ ಹಳೆಯ ಸೇನೆಯ ಬಾವುಟದ ಹಾಗೆ ಉದಯಸೂರ್ಯನೂ ಕೆಂಪು ಕಿರಣಗಳೂ. (ಕೊರಿಯದವರಿಗೂ ಚೀನಾದವರಿಗೂ ಆ ಕಿರಣಗಳನ್ನು ಕಂಡರೆ ನೆನಪಾಗುವುದು ಬೆಳಗಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.) ಮೊದಲ ಹಾಡು 'ಕ್ರೇಜಿ ನೈಟ್ಸ್'. ಅದರ ನಡುವೆ ಎಂ, ಝಡ್, ಎ ಎಂದು ಮೂರಕ್ಷರಗಳನ್ನು ಘೋಷಣೆಯಂತೆ ಕೂಗುತ್ತಾರೆ. ಯಾವ ನಿಘಂಟಿನಲ್ಲೂ ಇಲ್ಲದ ಆ ಅಕ್ಷರಗಳಿಗೆ ಏನರ್ಥವೆಂದು ಲೋಕದ ಅಭಿಮಾನಿಗಳೆಲ್ಲ ತಲೆ ಕೆಡಿಸಿಕೊಂಡರಂತೆ. ನಮ್ಮ ಹಾಸ್ಟೆಲಿನಲ್ಲಿ ಅಂಥ ಕಷ್ಟವೇನೂ ಬರಲಿಲ್ಲ. ಎಂ, ಝಡ್, ಎ ಎಂದರೆ 'ಮಜಾ' ಎಂದು ಮೊದಲ ದಿನವೇ ತೀರ್ಮಾನಿಸಿ, ಅದನ್ನೇ ಕೂಗಿ, ವಾರ್ಡನ್ನರಿಂದ ಬೈಸಿಕೊಂಡೆವು.

1985ರಲ್ಲಿ ಬಂದ ಆಲ್ಬಮ್ಮು ಅದು. ಆಸಿ ಆಸ್ಬರ್ನನ ಮುದ್ರಿಕೆಗಳನ್ನು ಕಟ್ಟಿಕೊಟ್ಟ ಮ್ಯಾಕ್ಸ್ ನಾರ್ಮನ್ ಇದರ ನಿರ್ಮಾಪಕ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 74ನೆಯ ಸ್ಥಾನ. ಜಪಾನಿನ ಯಾವ ಹೆವಿ ಮೆಟಲ್ ತಂಡವೂ ಅದುವರೆಗೆ ಮೊದಲ ನೂರರೊಳಗೆ ಕಾಲಿಟ್ಟಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮಾಟ್ಲಿ ಕ್ರೂ ತಂಡದ ಕಚೇರಿಗೆ ಮುನ್ನ ಇವರು ನುಡಿಸಿದರು. ಮರುವರ್ಷದ 'ಲೈಟ್ನಿಂಗ್ ಸ್ಟ್ರೈಕ್ಸ್' 64ಕ್ಕೆ ಏರಿತು. ಗಿಟಾರಿನ ಅಕಿರ ತಕಸಾಕಿಗೆ ಆಗ ಇಪ್ಪತ್ತೈದು ವರ್ಷ. ನಕ್ಷತ್ರದ ಆಕಾರದ ಗಿಟಾರು ಹಿಡಿದು, ಬಲಗೈಯ ಬೆರಳುಗಳನ್ನೂ ವಾದ್ಯದ ಕತ್ತಿನ ಮೇಲೆ ತಂದು, ಎರಡು ಕೈಗಳಿಂದಲೂ ತಂತಿಗಳನ್ನು ಬಡಿಯುತ್ತ ಆತ ನುಡಿಸುವಾಗ ಜಲತರಂಗಕ್ಕೆ ಹುಚ್ಚು ಹಿಡಿದಂತೆ ಕೇಳುತ್ತದೆ. ಅಂಥ ಗಿಟಾರುಗಾರರು ಅಮೆರಿಕದಲ್ಲೂ ಬೆರಳೆಣಿಕೆಯಷ್ಟು.

ಆದರೆ ನನಗೆ ಹಿಡಿಸಿದ್ದು ಹಾಡುಗಾರ, ಮಿನೊರು ನೀಹರ. ಅವನ ಇಂಗ್ಲಿಷಿನ ಅರ್ಧ ಮಾತು ನಮಗೆ ತಿಳಿಯುತ್ತಿರಲಿಲ್ಲ. ತಿಳಿದ ಮಾತೂ ಸ್ವಲ್ಪ ಬೇರೆ ಹಾಗೆ ಇರುತ್ತಿತ್ತು. ಜಪಾನೀ ಭಾಷೆಯಲ್ಲಿ ಲಕಾರ ರಕಾರಗಳೆಂಬ ಎರಡಿಲ್ಲ. ಎರಡರ ನಡುವಿನ ಒಂದೇ ಉಂಟು. ಹೀಗಿರುವಾಗ 'ಲೋನ್ಲಿ' ಎಂಬ ಮಾತನ್ನು ಹಾಡಬೇಕಾದವನ ಪಾಡು ಊಹಿಸಿ! ಸಹಪಾಠಿಗಳು ಅದನ್ನು ಅಣಕಿಸಿ ನಗುತ್ತಿದ್ದರು. ನಾನೂ ನಕ್ಕೆ. 'ಎಕ್ಸಾಮ್' ಎನ್ನಬೇಕಾದಲ್ಲಿ 'ಯೆಕ್ಸಾಮ್' ಎಂದೂ 'ಓನ್ಲಿ' ಎನ್ನಬೇಕಾದಲ್ಲಿ 'ವೋನ್ಲಿ' ಎಂದೂ ಅನ್ನುತ್ತಿದ್ದ ನಾನು!

1993ರಲ್ಲಿ, ನಾನಿದ್ದ ಕಂಪನಿ ಎರಡು ವರ್ಷದ ಮಟ್ಟಿಗೆ ನನ್ನನ್ನು ಒಸಾಕಾಕ್ಕೆ ಕಳಿಸಿತು. ತಾಯಿ ಉಪ್ಪಿನಕಾಯಿಯ ಡಬ್ಬಿ ಕಟ್ಟಿಕೊಟ್ಟಳು. ನನಗೋ ಒಳಗೊಳಗೇ ತೀರ್ಥಯಾತ್ರೆಯ ಸಡಗರ. ಆ ಊರಿನ ಶಿನ್‌ಸಾಯ್‌ಬಾಶಿಯ ಪಕ್ಕದಲ್ಲಿ ಅಮೆರಿಕಾಮುರ ಎಂಬ ಕೇರಿಯುಂಟು. 'ಮುರ' ಎಂದರೆ ಹಳ್ಳಿ. ಅಮೆರಿಕದ ಹಳ್ಳಿ ಎಂದಾಯಿತು. ಹಳೆಯ ಬಟ್ಟೆಗಳ, ಹಳೆಯ ಮುದ್ರಿಕೆಗಳ ಅಂಗಡಿಗಳು ಅಲ್ಲಿ ಸಾಲುಸಾಲು. ಜಪಾನಿನಲ್ಲಿ ಹೊಸ ಮುದ್ರಿಕೆಯ ಹೊದಿಕೆಗೆ ಒಂದು ಪಕ್ಕದಲ್ಲಿ ಕಾಗದದ ಪಟ್ಟಿ ಸುತ್ತಿರುತ್ತಾರೆ. ಅದಕ್ಕೆ 'ಒಬಿ' ಎಂದು ಹೆಸರು. ಕಿಮೊನೊದ ನಡುಪಟ್ಟಿಗೂ ಅದೇ ಹೆಸರು. ಹಳೆಯ ಮುದ್ರಿಕೆಯನ್ನು ಮಾರುವಾಗ ಒಬಿ ಇದ್ದರೊಂದು ಬೆಲೆ, ಹರಿದಿದ್ದರೆ ಇನ್ನೊಂದು. ನಾನು ಸಂಬಳದ ಎಣಿಕೆ ಮಾಡಿ, ಮೊದಮೊದಲು ಒಬಿ ಇಲ್ಲದವನ್ನೇ ಕೊಂಡೆ. ಆಮೇಲೆ ಆ ಹಾಳು ಕಾಗದದ ಮೇಲೂ ಆಸೆ ಹುಟ್ಟಿತು.

ಅಲ್ಲಿ ತಿಳಿಯಿತು, ನಾನು ಕಥೆಯನ್ನು ಮಧ್ಯದಿಂದ ಓದಿದ್ದೆನೆಂದು. 'ಥಂಡರ್ ಇನ್ ದಿ ಈಸ್ಟ್' ಅವರ ಐದನೆಯ ಆಲ್ಬಮ್ಮು. ಅದಕ್ಕೆ ಮುಂಚೆ ನಾಲ್ಕಿದ್ದವು. ನಾಲ್ಕೂ ಜಪಾನೀ ಭಾಷೆಯವು. ಅದಕ್ಕೂ ಮುಂಚೆ ತಕಸಾಕಿಯೂ ಡ್ರಮ್ಮಿನ ಮುನೆತಕ ಹಿಗುಚಿಯೂ 'ಲೇಜಿ' ಎಂಬ ತಂಡದಲ್ಲಿದ್ದರು. ಡೀಪ್ ಪರ್ಪಲ್ ತಂಡದ ಹಾಡೊಂದರ ಹೆಸರನ್ನೇ ಇಟ್ಟುಕೊಂಡ ಆ ಹುಡುಗರನ್ನು ಮುದ್ರಿಕೆ ವ್ಯಾಪಾರದವರು ಹಿಡಿದು, ಮುದ್ದಾದ ಅಂಗಿ ತೊಡಿಸಿ, ಶಾಲೆಯ ಹುಡುಗಿಯರ ಕಣ್ಮಣಿಗಳನ್ನಾಗಿ ಮಾಡಿದರು. ಒಬ್ಬೊಬ್ಬನಿಗೂ ಒಂದೊಂದು ಮುದ್ದಿನ ಹೆಸರು. ತಕಸಾಕಿಗೆ 'ಸೂಸಿ' ಎಂದು. ಮುಂದೆ ಗುಡುಗಾಗಬೇಕಾದವನು ಸೂಸಿಯಾಗಿ ನಾಲ್ಕು ವರ್ಷ ನಗುತ್ತ ನಿಂತ. 1981ರಲ್ಲಿ ಆ ತಂಡ ಮುರಿಯಿತು. ತಕಸಾಕಿ, ಹಿಗುಚಿ ಇಬ್ಬರೂ, ಅರ್ತ್‌ಶೇಕರ್ ತಂಡದಿಂದ ನೀಹರನನ್ನೂ ತಕಸಾಕಿಯ ಬಾಲ್ಯದ ಗೆಳೆಯ ಮಸಯೊಶಿ ಯಮಶಿತನನ್ನೂ ಕೂಡಿಸಿಕೊಂಡು ಲೌಡ್‌ನೆಸ್ ಕಟ್ಟಿದರು. ಅದೇ ವರ್ಷ ನವೆಂಬರಿನಲ್ಲಿ ಮೊದಲ ಆಲ್ಬಮ್ಮು, 'ದಿ ಬರ್ತ್‌ಡೇ ಈವ್'. ನಾಲ್ಕು ವರ್ಷ ಕಟ್ಟಿಹಾಕಿದ ಹೋರಿಯನ್ನು ಬಿಟ್ಟರೆ ಹೇಗೆ ಓಡೀತೊ ಹಾಗಿದೆ ಅದು. ದಾರಿ ನೋಡಿ ಓಡುವುದಿಲ್ಲ, ಓಡುವುದೇ ಗುರಿ.

ಎರಡನೆಯ 'ಡೆವಿಲ್ ಸೋಲ್ಜರ್' (1982) ನನಗೆ ಅದಕ್ಕಿಂತ ಪ್ರಿಯ. ಅದರಲ್ಲಿ 'ಆಫ್ಟರ್ ಇಲ್ಯೂಷನ್' ಎಂಬ ನಿಧಾನದ ಹಾಡೊಂದಿದೆ. ನನ್ನಾಕೆ ಬಾಗಿಲು ತೆರೆದು, 'ಇದು ಪರವಾಗಿಲ್ಲ' ಎಂದು ಹೇಳಿದ ಏಕಮಾತ್ರ ಹಾಡು. ಮೂರನೆಯ 'ದಿ ಲಾ ಆಫ್ ಡೆವಿಲ್ಸ್ ಲ್ಯಾಂಡ್' (1983) ಬರುವ ಹೊತ್ತಿಗೆ ಅವರಿಗೆ ಹೊಡೆತದಲ್ಲಿ ನಿಖರತೆ ಬಂದಿತ್ತು. 'ಇನ್ ದಿ ಮಿರರ್' ಎಂಬ ಹಾಡು ಅದರದೇ. ಸೈತಾನ, ಸೈತಾನನ ಸೈನಿಕ, ಸೈತಾನನ ನಾಡು ಎಂಬ ಹೆಸರುಗಳನ್ನು ಕಂಡು ಯಾರೂ ಹೆದರಬೇಕಾಗಿಲ್ಲ. ನಮ್ಮ ಬಯಲಾಟದಲ್ಲಿ ರಕ್ಕಸನ ವೇಷ ಕಟ್ಟಿದವನು ಬೆಳಗಾದ ಮೇಲೆ ಗದ್ದೆಗೆ ಹೋಗುವುದಿಲ್ಲವೆ? ಅಷ್ಟೇ.

ಈ ಮುದ್ರಿಕೆಗಳ ಜೊತೆಗೆ ಸಾಹಿತ್ಯದ ಹಾಳೆ ಬರುತ್ತದೆ. ಅದನ್ನು ಹಿಡಿದೇ ನಾನು ಜಪಾನೀ ಅಕ್ಷರ ಕಲಿತದ್ದು. ಕಚೇರಿಯಲ್ಲಿ ಪಾಠ ಹೇಳುತ್ತಿದ್ದ ಮಹನೀಯೆಗೆ ಇದು ತಿಳಿದಾಗ ಆಕೆ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು. ಕಲಿಯುತ್ತ ಕಲಿಯುತ್ತ ನನಗೊಂದು ವಿಚಿತ್ರ ಸಲಿಗೆ ಹುಟ್ಟಿತು. ಕ್ರಿಯಾಪದ ನಮ್ಮಲ್ಲಿಯಂತೆಯೇ ವಾಕ್ಯದ ಕೊನೆಗೆ. 'ಒಸಾಕಾಕ್ಕೆ' ಎಂದು ನಾವು ಪ್ರತ್ಯಯ ಹಚ್ಚಿದರೆ ಅವರು 'ಒಸಾಕಾ ನಿ' ಎಂದು ಹಚ್ಚುತ್ತಾರೆ. ಪ್ರಶ್ನೆಗೆ ನಾವು ಕೊನೆಯಲ್ಲಿ 'ಆ' ಎಂದು ಎಳೆದರೆ ಅವರು 'ಕಾ' ಎನ್ನುತ್ತಾರೆ. ಹೊರಗಿನಿಂದ ಬಂದ ಮಾತು ವ್ಯಂಜನದಲ್ಲಿ ನಿಂತರೆ ನಮಗೆ ಹೇಗೆ ಸಮಾಧಾನವಿಲ್ಲವೋ ಅವರಿಗೂ ಇಲ್ಲ. ನಾವು ಬಸ್ಸು ಎನ್ನುತ್ತೇವೆ, ಅವರು ಬಸು. ಐಸು ಅವರಿಗೂ ಐಸೇ. ರಾಕ್ ಸಂಗೀತ ಅವರ ಬಾಯಲ್ಲಿ 'ರೊಕ್ಕು'. ಧಾರವಾಡದ ಕಡೆಯ ಮಿತ್ರನೊಬ್ಬನಿಗೆ ಇದನ್ನು ಬರೆದಾಗ, 'ರೊಕ್ಕಕ್ಕಾಗಿಯೇ ಅಲ್ಲವೆ ಅವರೂ ಹಾಡುವುದು' ಎಂದು ಉತ್ತರ ಹಾಕಿದ. ಲೌಡ್‌ನೆಸ್ ಎಂಬ ಹೆಸರನ್ನು ಆ ಊರಿನವರು 'ರಾಉದೊನೆಸು' ಎಂದು ಐದಾರು ಮೆಟ್ಟಿಲು ಹತ್ತಿಸಿ ಇಳಿಸುತ್ತಾರೆ. ಮೊದಲ ಸಲ ಅಂಗಡಿಯವನ ಬಾಯಲ್ಲಿ ಅದನ್ನು ಕೇಳಿದಾಗ ಬೇರೆ ತಂಡವೆಂದೇ ತಿಳಿದು, 'ಅದು ಬೇಡ, ಲೌಡ್‌ನೆಸ್ ಕೊಡಿ' ಎಂದೆ.

ಇದರಿಂದ ನನಗೊಂದು ಸಿದ್ಧಾಂತ ಹೊಳೆದಿದೆ. ಪಂಡಿತರು ಒಪ್ಪಬೇಕೆಂದೇನೂ ಇಲ್ಲ. ಹೆವಿ ಮೆಟಲ್ ಹಾಡುಗಾರ ಕಿರಿಚಬೇಕು. ಕಿರಿಚಬೇಕಾದರೆ ಬಾಯಿ ತೆರೆದಿರಬೇಕು. ಜಪಾನೀ ಮಾತು ಮುಗಿಯುವುದು ಸ್ವರದಲ್ಲಿ, ಇಲ್ಲವೆ ಒಂದು ಅನುಸ್ವಾರದಂಥ ನಕಾರದಲ್ಲಿ. ಸಾಲಿನ ಕೊನೆಯ ಆಕಾರವನ್ನೊ ಏಕಾರವನ್ನೊ ಹಿಡಿದು ಎಷ್ಟು ದೂರ ಬೇಕಾದರೂ ಎಳೆಯಬಹುದು. ಇಂಗ್ಲಿಷು ಹಾಗಲ್ಲ. 'ನೈಟ್' ಎಂದೊಡನೆ ಟಕಾರ ಬಂದು ಬಾಗಿಲು ಹಾಕುತ್ತದೆ. 'ಡ್ರೀಮ್' ಎಂದರೆ ತುಟಿಯೇ ಕೂಡಿಹೋಯಿತು. ಹುಟ್ಟಿನಿಂದ ಆ ಬಾಗಿಲುಗಳ ಮನೆಯಲ್ಲಿ ಬೆಳೆದವನಿಗೆ ಚಿಲಕ ಎಲ್ಲಿದೆಯೆಂದು ಗೊತ್ತಿರುತ್ತದೆ. ಕತ್ತಲಲ್ಲೂ ನುಸುಳಿ ಹೋಗುತ್ತಾನೆ. ನೀಹರ ಪ್ರತಿ ಬಾಗಿಲಿಗೂ ಹಣೆ ಹೊಡೆದುಕೊಂಡ.

ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಅದಕ್ಕೆ ಅವರೇ ಅನುಕೂಲ ಮಾಡಿಕೊಟ್ಟಿದ್ದಾರೆ. ನಾಲ್ಕನೆಯ ಆಲ್ಬಮ್ಮು 'ಡಿಸ್‌ಇಲ್ಯೂಷನ್' (1984) ಮೊದಲು ಜಪಾನೀ ಭಾಷೆಯಲ್ಲಿ ಬಂತು, ಆಮೇಲೆ ಅದೇ ರಾಗಗಳಿಗೆ ಇಂಗ್ಲಿಷ್ ಹಾಡು ಕೂಡಿಸಿ ಇನ್ನೊಂದು ತಂದರು. 'ಕ್ರೇಜಿ ಡಾಕ್ಟರ್' ಎಂಬ ಹಾಡಿನಿಂದ ಶುರು. ಗಿಟಾರಿನ ಆ ಆರಂಭವನ್ನು ಕೇಳಿದರೆ ಈಗಲೂ ನನ್ನ ಕಾಲು ತಾನಾಗಿ ಮೇಜಿನ ಕೆಳಗೆ ಕೆಲಸ ಶುರು ಮಾಡುತ್ತದೆ. ಆಮೇಲೆ 'ಎಸ್ಪರ್', ಉಸಿರಿಗೂ ಬಿಡುವಿಲ್ಲ. 'ಬಟರ್‌ಫ್ಲೈ' ಮೆಲ್ಲಗೆ ರೆಕ್ಕೆ ಬಿಚ್ಚಿ ಬರುವ ಹಾಡು. ಕೊನೆಯಲ್ಲಿ 'ಏರೀಸ್ ಲಮೆಂಟ್', ಯುದ್ಧದೇವತೆಯ ಅಳಲು. ಇಡೀ ಆಲ್ಬಮ್ಮಿನಲ್ಲಿ ತೆಗೆದುಹಾಕಬಹುದಾದ ಹಾಡು ಒಂದೂ ನನಗೆ ಸಿಕ್ಕಿಲ್ಲ. ಇದೇ ಅವರ ಶಿಖರವೆಂದು ನಾನು ಯಾರೊಡನೆ ಬೇಕಾದರೂ ವಾದಕ್ಕೆ ಸಿದ್ಧ. ದುರದೃಷ್ಟವಶಾತ್ ನಮ್ಮ ಬಡಾವಣೆಯಲ್ಲಿ ಎದುರಾಳಿಗಳಿಲ್ಲ. ಈಗ ಇಂಗ್ಲಿಷಿನದನ್ನು ಕೇಳಿ. ಅದೇ ಗಿಟಾರು, ಅದೇ ಡ್ರಮ್ಮು, ಗಂಟಲೂ ಅದೇ. ಆದರೆ ಆ ಗಂಟಲಿನ ಯಜಮಾನ ಮನೆಯಲ್ಲಿಲ್ಲ. ತನ್ನ ಮಾತಿನಲ್ಲಿ ಅವನು ಸಿಟ್ಟಾಗುತ್ತಾನೆ, ಬೇಡುತ್ತಾನೆ, ಚೇಷ್ಟೆ ಮಾಡುತ್ತಾನೆ. ಇಂಗ್ಲಿಷಿನಲ್ಲಿ ತಪ್ಪಾಗಬಾರದೆಂದು ನೋಡಿಕೊಳ್ಳುತ್ತಾನೆ.

1987ರ 'ಹರಿಕೇನ್ ಐಸ್' ಆಲ್ಬಮ್ಮಿಗೂ ಎರಡು ಭಾಷೆಯ ಎರಡು ಅವತಾರ. ಜಿಮಿ ಹೆಂಡ್ರಿಕ್ಸನ ಧ್ವನಿಮುದ್ರಣ ಮಾಡಿದ್ದ ಎಡ್ಡಿ ಕ್ರೇಮರ್ ಇದರ ನಿರ್ಮಾಪಕ. ಮೊದಲ ಹಾಡು 'ಎಸ್.ಡಿ.ಐ.' ಸಿಡಿಲೇ ಸರಿ. ಆದರೆ ಉಳಿದಲ್ಲಿ ಅಮೆರಿಕದವರಿಗೆ ಹಿಡಿಸಲೆಂದು ಸಕ್ಕರೆ ಸ್ವಲ್ಪ ಜಾಸ್ತಿ ಬಿದ್ದಿದೆ. 'ಏರೀಸ್ ಲಮೆಂಟ್' ಹಾಡನ್ನೇ ಕೀಬೋರ್ಡಿನ ಲೇಪ ಕೊಟ್ಟು 'ಸೋ ಲೋನ್ಲಿ' ಎಂದು ಮತ್ತೆ ಬಡಿಸಿದ್ದಾರೆ. ಅತ್ತೆಯ ಮನೆಗೆ ಹೊರಟ ಹುಡುಗಿಯ ಹಾಗೆ ಆ ರಾಗ ಅಲಂಕಾರ ಮಾಡಿಕೊಂಡು ಅಳುತ್ತದೆ. ಇಷ್ಟೆಲ್ಲ ಮಾಡಿಯೂ ಬಿಲ್‌ಬೋರ್ಡಿನಲ್ಲಿ ಸಿಕ್ಕಿದ್ದು 190ನೆಯ ಸ್ಥಾನ.

ಈಗ ನನ್ನ ಗಂಟಲಲ್ಲಿ ಸಿಕ್ಕಿದ ಅಧ್ಯಾಯಕ್ಕೆ ಬಂದೆ. 1988ರಲ್ಲಿ 'ಜೆಲಸಿ' ಎಂಬ ಪುಟ್ಟ ಮುದ್ರಿಕೆಯೊಂದು ಬಂತು. ಅದಾದ ಮೇಲೆ ನೀಹರನನ್ನು ಕೈಬಿಟ್ಟರು. ಅಮೆರಿಕ ಒಲಿಯಬೇಕಾದರೆ ಅಮೆರಿಕದ ಬಾಯೇ ಬೇಕೆಂದು ಮೈಕ್ ವೆಸೆರಾ ಎಂಬ ಅಮೆರಿಕದ ಹಾಡುಗಾರನನ್ನು ತಂದರು. 1989ರಲ್ಲಿ 'ಸೋಲ್ಜರ್ ಆಫ್ ಫಾರ್ಚೂನ್'. ಅನ್ಯಾಯವಾಗಿ ಮಾತಾಡಬಾರದು: ವೆಸೆರಾ ಒಳ್ಳೆಯ ಹಾಡುಗಾರ. ಬಾಗಿಲುಗಳನ್ನೆಲ್ಲ ಸಲೀಸಾಗಿ ದಾಟುತ್ತಾನೆ. ಆಲ್ಬಮ್ಮೂ ಕೆಟ್ಟದ್ದಲ್ಲ. ನನಗೆ ತಡೆಯಲಾಗದ್ದು 1991ರ 'ಆನ್ ದಿ ಪ್ರೌಲ್'. ಅದರಲ್ಲಿ ಹೊಸ ಹಾಡು ಕೆಲವೇ. ಹೆಚ್ಚಿನವು ಹಳೆಯ ಹಾಡುಗಳೇ, ಇಂಗ್ಲಿಷ್ ಮಾತು ಹೊದ್ದು, ವೆಸೆರಾನ ಬಾಯಲ್ಲಿ. 'ಇನ್ ದಿ ಮಿರರ್' ಕೂಡ. ಒಬ್ಬನ ಮನೆಯ ಕಟ್ಟಿಗೆಯಿಂದಲೇ ಇನ್ನೊಬ್ಬನಿಗೆ ಒಲೆ ಹೊತ್ತಿಸಿಕೊಟ್ಟ ಹಾಗೆ ಕಂಡಿತು ನನಗೆ. ಅಮೆರಿಕ ಆಗಲೂ ಒಲಿಯಲಿಲ್ಲ. ವೆಸೆರಾ ಸ್ವೀಡನ್ನಿನ ಗಿಟಾರುಗಾರ ಇಂಗ್ವೇ ಮಾಲ್ಮ್‌ಸ್ಟೀನನ ತಂಡಕ್ಕೆ ಹೋದ. ನಾನು ಒಸಾಕಾದಲ್ಲಿದ್ದ ಎರಡು ವರ್ಷವೂ ನೀಹರ ಆ ತಂಡದಲ್ಲಿರಲಿಲ್ಲ. ತೀರ್ಥಯಾತ್ರೆಗೆ ಹೋದವನಿಗೆ ಮೂರ್ತಿಯಿಲ್ಲದ ಗರ್ಭಗುಡಿಯ ದರ್ಶನ.

ತಕಸಾಕಿಯ ಮೇಲೆ ನನಗೆ ಬಂದ ಸಿಟ್ಟು ಬರಿಯ ಅಭಿಮಾನಿಯ ಸಿಟ್ಟಾಗಿ ಉಳಿಯಲಿಲ್ಲ. 1998ರಲ್ಲಿ, ಬೆಂಗಳೂರಿಗೆ ಮರಳಿ ಬೇರೊಂದು ಕಂಪನಿ ಸೇರಿದ್ದೆ. ವರ್ಷವಿಡೀ ಕೂತು ಒಂದು ಯಂತ್ರದ ನಿಯಂತ್ರಣ ವ್ಯವಸ್ಥೆಯನ್ನು ನಾನೇ ರೂಪಿಸಿದೆ. ಕೊಳ್ಳುವ ಅಮೆರಿಕದವರು ಬಂದು ಕುಳಿತಾಗ ಮೇಲಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, 'ಕೆಲಸ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಇಂಗ್ಲಿಷು ಅವರಿಗೆ ಹತ್ತುವುದಿಲ್ಲ. ಮಾತು ಆ ಹುಡುಗ ಆಡಲಿ' ಎಂದರು. ಕಾನ್ವೆಂಟಿನಲ್ಲಿ ಓದಿದ ಆ ಹುಡುಗ ಚೆನ್ನಾಗಿಯೇ ಮಾತಾಡಿದ. ನನಗಿಂತ ಚೆನ್ನಾಗಿಯೇ ಆಡಿದ. ನಾನು ಗೋಡೆಗೆ ಆತು ನಿಂತು, ನನ್ನ ತಲೆಯಲ್ಲಿ ಹುಟ್ಟಿದ್ದು ಅವನ ಬಾಯಲ್ಲಿ ಬರುವುದನ್ನು ಕೇಳಿದೆ. ಆ ರಾತ್ರಿ ಮನೆಗೆ ಬಂದು 'ಆನ್ ದಿ ಪ್ರೌಲ್' ಸಿ.ಡಿ.ಯನ್ನು ಕಪಾಟಿನಿಂದ ತೆಗೆದು ಅಟ್ಟದ ಮೇಲೆ ಹಾಕಿದೆ.

ಆ ವರ್ಷಗಳ ಲೌಡ್‌ನೆಸ್ಸಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1992ರಲ್ಲಿ ಮಸಾಕಿ ಯಮಾದ ಎಂಬಾತ ಹಾಡುಗಾರನಾದ. ತಂಡದ ಹೆಸರನ್ನೇ ಹೊತ್ತ ಆ ವರ್ಷದ ಆಲ್ಬಮ್ಮು ಒರಟಾಗಿ, ಗಟ್ಟಿಯಾಗಿ, ಚೆನ್ನಾಗಿದೆ. ಆಮೇಲೆ ಹಿಗುಚಿಯೂ ಬಿಟ್ಟುಹೋದ, ಯಮಶಿತನೂ ಇಲ್ಲ. ತಕಸಾಕಿಯೊಬ್ಬನೇ ಉಳಿದು 'ಹೆವಿ ಮೆಟಲ್ ಹಿಪ್ಪೀಸ್', 'ಘೆಟ್ಟೊ ಮಷೀನ್', 'ಡ್ರ್ಯಾಗನ್', 'ಎಂಜಿನ್' ಎಂದು ಒಂದಾದ ಮೇಲೊಂದು ತಂದ. ಇವನ್ನು ಹೊಗಳುವವರಿದ್ದಾರೆ. ನನಗೆ ಅವು ಬಾಡಿಗೆಯ ಮನೆಯಲ್ಲಿ ಮಾಡಿದ ಹಬ್ಬದ ಹಾಗೆ ಕಾಣುತ್ತವೆ.

2000ದಲ್ಲಿ ಯಮಾದ ಸ್ಥಳ ಬಿಟ್ಟುಕೊಟ್ಟ, ಮೊದಲಿನ ನಾಲ್ವರೂ ಮತ್ತೆ ಕೂಡಿದರು. 2001ರ 'ಸ್ಪಿರಿಚುಯಲ್ ಕನೂ' ಅವರ ಪುನರ್ಮಿಲನದ ಮುದ್ರಿಕೆ. ಸತ್ಯ ಹೇಳಬೇಕಾದರೆ ಅದು ಸ್ವಲ್ಪ ಸಪ್ಪೆ. ಹನ್ನೆರಡು ವರ್ಷದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತ ದಾಯಾದಿಗಳ ಊಟದಂತೆ, ಎ‌ಲ್ಲರೂ ಬಹಳ ಮರ್ಯಾದೆಯಿಂದ ಇದ್ದಾರೆ. ಆದರೆ ನನಗೆ ಆಗ ರುಚಿಯ ಚಿಂತೆಯೇ ಇರಲಿಲ್ಲ. ನೀಹರ ವಾಪಸು ಬಂದನಲ್ಲ! ನ್ಯಾಯ ಸಿಕ್ಕಿತೆಂದು ನನ್ನಾಕೆಗೆ ಮೈಸೂರುಪಾಕು ತಂದುಕೊಟ್ಟೆ. ಆಕೆ ನನಗೆ ಬಡ್ತಿಯಾಯಿತೆಂದು ತಿಳಿದಳು.

ಬಡ್ತಿ ಆದದ್ದು ಮರುವರ್ಷ. 2003ರಲ್ಲಿ ನನ್ನ ಕೈಕೆಳಗೆ ಹಾಸನದ ಕಡೆಯ ಹಳ್ಳಿಯೊಂದರ ಹುಡುಗನಿದ್ದ. ಮಾತು ಕಡಿಮೆ, ಕೈ ಚುರುಕು. ರಾತ್ರಿ ಹೊತ್ತು ಕೆಲಸ ಮಾಡುವಾಗ ನನ್ನ ಹುಚ್ಚನ್ನು ಅವನಿಗೂ ಒಂದಿಷ್ಟು ಅಂಟಿಸಿದ್ದೆ. 'ಡಿಸ್‌ಇಲ್ಯೂಷನ್' ಆಲ್ಬಮ್ಮಿನ ಇಂಗ್ಲಿಷ್ ಪ್ರತಿಯನ್ನು ಕೊಟ್ಟು, 'ಮೊದಲು ಇದನ್ನು ಕೇಳು, ಆಮೇಲೆ ನಿಜವಾದ್ದನ್ನು ಕೊಡುತ್ತೇನೆ' ಎಂದಿದ್ದೆ. ಅವನು ಒಂದು ವರ್ಷ ದುಡಿದು ಕಟ್ಟಿದ್ದನ್ನು ನೋಡಲು ಅಮೆರಿಕದವರು ಬರುವವರಿದ್ದರು. ಅವನ ಇಂಗ್ಲಿಷು ನನಗೆ ಗೊತ್ತಿತ್ತು. ಮೇಲಿನವರು ಯಾರೂ ನನಗೆ ಏನೂ ಹೇಳಲಿಲ್ಲ. ನಾನೇ ಯೋಚಿಸಿದೆ, ನಾನೇ ಅವನನ್ನು ಪಕ್ಕಕ್ಕೆ ಕರೆದೆ. ಕೆಲಸ ನಿನ್ನದೇ, ಅದರಲ್ಲಿ ಎರಡು ಮಾತಿಲ್ಲ ಎಂದೆ. ಈ ವಾಕ್ಯ ಎಲ್ಲೊ ಕೇಳಿದ್ದೇನಲ್ಲ ಎಂದು ಬಾಯಿಂದ ಹೊರಟ ಮೇಲೆ ಅನ್ನಿಸಿತು. ಅವನು 'ಸರಿ ಸಾರ್' ಎಂದ. ಎರಡು ತಿಂಗಳಲ್ಲಿ ಕೆಲಸ ಬಿಟ್ಟ. ಆ ವ್ಯವಹಾರವೇನೊ ಕುದುರಿತು. ಕುದುರದೆ ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಅಂದಿನಿಂದ ತಕಸಾಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಉಳಿಯಲಿಲ್ಲ. ಅಟ್ಟದಿಂದ ಆ ಸಿ.ಡಿ. ಇಳಿಸಿ ಮತ್ತೆ ಕೇಳಿದೆ. ಗಿಟಾರು ನುಡಿಸುವವನು ಹಾಡನ್ನು ದ್ವೇಷದಿಂದ ಒಯ್ದು ಇನ್ನೊಬ್ಬನಿಗೆ ಕೊಟ್ಟಂತೆ ಕೇಳಿಸಲಿಲ್ಲ. ಹೇಗಾದರೂ ದಾಟಿಸಬೇಕು, ಹೇಗಾದರೂ ಅವರಿಗೆ ತಲುಪಿಸಬೇಕು ಎಂಬ ಆತುರ ಕೇಳಿಸಿತು. ನಾಲ್ಕು ವರ್ಷ ಸೂಸಿಯಾಗಿ ನಿಂತವನಿಗೆ ತನ್ನ ಗುಡುಗು ಸಮುದ್ರದಾಚೆಗೂ ಕೇಳಿಸಲಿ ಎಂಬ ಹಸಿವು ಎಷ್ಟಿದ್ದಿರಬೇಕು! ಹಾಗೆಂದು 'ಆನ್ ದಿ ಪ್ರೌಲ್' ನನಗೆ ಇಷ್ಟವಾಯಿತೆಂದಲ್ಲ. ಅದು ಈಗಲೂ ಇಷ್ಟವಿಲ್ಲ.

ಕೂಡಿದ ನಾಲ್ವರು ಎಂಟು ವರ್ಷ ಕೂಡಿಯೇ ಇದ್ದರು, ವರ್ಷಕ್ಕೊಂದರಂತೆ ಆಲ್ಬಮ್ಮು. 2008ರಲ್ಲಿ ಹಿಗುಚಿಗೆ ಯಕೃತ್ತಿನ ಕ್ಯಾನ್ಸರ್ ಎಂದು ತಿಳಿಯಿತು. ಆ ವರ್ಷದ ನವೆಂಬರ್ 30ರಂದು ತೀರಿಕೊಂಡ, ನಲವತ್ತೊಂಬತ್ತು ವರ್ಷ. ಮರುವರ್ಷ ಬಂದ 'ದಿ ಎವರ್‌ಲಾಸ್ಟಿಂಗ್' ಆಲ್ಬಮ್ಮಿನಲ್ಲಿ ಡ್ರಮ್ಮು ಹಿಗುಚಿಯದೇ. ಬದುಕಿದ್ದಾಗ ನುಡಿಸಿ ಮುದ್ರಿಸಿಟ್ಟದ್ದರ ಮೇಲೆ ಉಳಿದ ಮೂವರು ತಮ್ಮ ಪಾಲು ಕೂಡಿಸಿದರು. ಸಾಮಾನ್ಯವಾಗಿ ಹಾಡುಗಾರನನ್ನೂ ಗಿಟಾರನ್ನೂ ಕೇಳುವ ನಾನು ಆ ಆಲ್ಬಮ್ಮಿನಲ್ಲಿ ಡ್ರಮ್ಮನ್ನು ಮಾತ್ರ ಕೇಳಿದೆ. ಎಲ್ಲೂ ಕೈ ಸೋತಿಲ್ಲ. ಆ ಹೊಡೆತವನ್ನು ಅನುಸರಿಸಿ ಆಡುವ ಮೂವರಿಗೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಅದು ಮುಗಿದ ಮೇಲೆ ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಗದ್ದಲವಿಲ್ಲದ್ದರಿಂದ ಗಾಬರಿಯಾಗಿ ನನ್ನಾಕೆಯೇ ತೆರೆದಳು.

ಹಿಗುಚಿಯ ಜಾಗಕ್ಕೆ ಮಸಯುಕಿ ಸುಜುಕಿ ಬಂದ. 2016ರಲ್ಲಿ ತಂಡದ ಮೂವತ್ತೈದನೆಯ ವರ್ಷಕ್ಕೆ ಮೊದಲ ದಿನಗಳ ಹಾಡುಗಳನ್ನು ಹೊಸದಾಗಿ ಮುದ್ರಿಸಿ, ಆಲ್ಬಮ್ಮಿಗೆ 'ಸಂಸಾರ ಫ್ಲೈಟ್' ಎಂದು ಹೆಸರಿಟ್ಟರು. ನಮ್ಮ ಸಂಸಾರವೇ, ಹುಟ್ಟು ಸಾವುಗಳ ಸುತ್ತು. ಬೌದ್ಧ ಧರ್ಮದ ದಾರಿ ಹಿಡಿದು ಅಲ್ಲಿಗೆ ಹೋದ ಮಾತು ಗಿಟಾರು ಹೊತ್ತುಕೊಂಡು ವಾಪಸು ಬಂತು. ಹೊದಿಕೆಯ ಮೇಲೆ ಆ ಹೆಸರನ್ನೋದಿದ ನನ್ನಾಕೆ, 'ಇವರಿಗೂ ಸಂಸಾರವಿದೆಯಾ?' ಎಂದಳು. 2018ರ 'ರೈಸ್ ಟು ಗ್ಲೋರಿ'ಯ ಹೆಸರಿನ ಪಕ್ಕದಲ್ಲಿ 8118 ಎಂದು ಅಂಕಿ ಇದೆ, 81ರಿಂದ 18ರವರೆಗೆ. ಅದೇ ವರ್ಷ ಸುಜುಕಿಗೆ ಪಾರ್ಶ್ವವಾಯು ಹೊಡೆಯಿತು. 2021ರ ಕೊನೆಗೆ, ನಲವತ್ತನೆಯ ವರ್ಷಕ್ಕೆ, 'ಸನ್‌ಬರ್ಸ್ಟ್' ಬಂತು. ಎರಡು ತಟ್ಟೆಗಳಲ್ಲಿ ಹದಿನಾರು ಹಾಡು. ನೀಹರನಿಗೆ ಆಗ ಅರುವತ್ತೊಂದು. ತಾರಸ್ಥಾಯಿ ಮೊದಲಿನಂತಿಲ್ಲ; ಏರುವಾಗ ಮೊಣಕಾಲು ಹಿಡಿದುಕೊಂಡಂತೆ ಕೇಳುತ್ತದೆ. ಆದರೆ ಹಾಡುವುದು ಹೆಚ್ಚಾಗಿ ಜಪಾನೀ ಮಾತಿನಲ್ಲಿ. ಯಜಮಾನ ಮನೆಯಲ್ಲಿದ್ದಾನೆ.

ಹೋದ ವರ್ಷ ಹಾಸನದಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದ ಹಿಂಭಾಗದಲ್ಲಿ ಹತ್ತಿಪ್ಪತ್ತು ಜನ ಕುರ್ಚಿಗಳನ್ನು ಸುತ್ತ ಎಳೆದುಕೊಂಡು ಯಾರದೊ ಮಾತು ಕೇಳುತ್ತಿದ್ದರು. ಹನಿ ನೀರಾವರಿಯ ವಿಷಯ. ಯಾವ ಮಣ್ಣಿಗೆ ಎಷ್ಟು ನೀರು, ಪಂಪು ಯಾವಾಗ ತಾನಾಗಿ ನಿಲ್ಲಬೇಕು ಎಂದು. ಹೇಳುವವನು ನಗಿಸುತ್ತಿದ್ದ, ಗದರುತ್ತಿದ್ದ, ಒಬ್ಬ ಮುದುಕನ ಕೈಹಿಡಿದು ನೆಲದ ಮೇಲೆ ಗೆರೆ ಎಳೆಸುತ್ತಿದ್ದ. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು. ಮಾತು ಕಡಿಮೆ ಎಂದು ನಾನು ತಿಳಿದಿದ್ದ ನಮ್ಮ ಹುಡುಗ! ಅವನೂ ಈಗ ಕನ್ನಡಕ ಹಾಕಿದ್ದ. ನನ್ನನ್ನು ಕಂಡು ಎದ್ದು ಬಂದ. ಕ್ಷೇಮ ಕೇಳಿದ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡ, ಒಬ್ಬಟ್ಟು ಹಾಕಿಸಿದ. ಹಳೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬಡಿಸುವವರು ಬಂದರು.

ಕೈತೊಳೆಯುವಾಗ ಅವನೇ ಕೇಳಿದ: 'ಈಗಲೂ ಆ ಜಪಾನಿನವರ ಗಲಾಟೆ ಕೇಳುತ್ತೀರಾ ಸಾರ್?'

ಕೇಳುತ್ತೇನೆಂದೆ.

'ನೀವು ಕೊಟ್ಟಿದ್ದು ಇಂಗ್ಲಿಷಿನದು ಸಾರ್. ನಿಜವಾದ್ದು ಆಮೇಲೆ ಕೊಡುತ್ತೇನೆ ಅಂದಿದ್ದಿರಿ.'

ಮನೆಗೆ ಬಂದ ಮಾರನೆಯ ದಿನವೇ ಅಮೆರಿಕಾಮುರದಲ್ಲಿ ಕೊಂಡ ಆ ಸಿ.ಡಿ.ಯನ್ನು ತೆಗೆದು, ಹಾಡಿನ ಹಾಳೆ ಒಳಗಿದೆಯೇ ಎಂದು ನೋಡಿ, ಒಬಿ ಹರಿಯದಂತೆ ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿ ಅಂಚೆಗೆ ಹಾಕಿದೆ. ಕಪಾಟಿನಲ್ಲಿ ಅದಿದ್ದ ಜಾಗ ಖಾಲಿಯಾಗಿದೆ. ನನ್ನಾಕೆ ಅಲ್ಲಿ ಪಂಚಾಂಗ ಇಟ್ಟಿದ್ದಾಳೆ.